ಒಂದು ಮೀಟರು, ಎರಡು ರೇಷನ್ ಕಾರ್ಡು

ಕಲಬುರಗಿಯ ಹಳೆಯ ಬಡಾವಣೆಯೊಂದರಲ್ಲಿ ಶಹಾಬಾದ್ ಕಲ್ಲಿನ ಕಟ್ಟೆಯಿರುವ ಎರಡು ಕೋಣೆಯ ಬಾಡಿಗೆ ಮನೆ. ಬಾಗಿಲಿನ ಪಕ್ಕ ಜೆಸ್ಕಾಂ ಮೀಟರು, ಅದರ ಹತ್ತಿರವೇ 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಚೀಟಿ. ಮಳೆಗೆ ಅದರ ಒಂದು ಮೂಲೆ ಎದ್ದಿದೆ. ರಾಜ್ಯ ಹಿಂದುಳಿದ ವರ್ಗಗಳ ಆಯೋಗವು ಆ ಸಮೀಕ್ಷೆಗೆ ಮನೆಗಳನ್ನು ಗುರುತಿಸಿದ್ದು ವಿದ್ಯುತ್ ಮೀಟರಿನ ಆಧಾರದ ಮೇಲೆ. ಆ ಲೆಕ್ಕದಲ್ಲಿ ಇದು ಒಂದು ಮನೆ. ಆಹಾರ ಇಲಾಖೆಯ ಲೆಕ್ಕದಲ್ಲಿ ಎರಡು ಕುಟುಂಬ. ಓಣಿಯವರ ಲೆಕ್ಕದಲ್ಲಿ ಅಕ್ಕ-ತಂಗಿಯರ ಸಂಸಾರ. ಒಳಗಿರುವ ನಾಲ್ವರಲ್ಲಿ ಇಬ್ಬರಿಗೆ ಮಾತ್ರ ಅದು ಹತ್ತು ವರ್ಷದ ದಾಂಪತ್ಯ.

ನಾನು ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವವಳು. ಈ ಮನೆಯ ಪರಿಚಯವಾದದ್ದು ಕುಪ್ಪಸ ಹೊಲಿಸಲು ಹೋಗಿ, ಸಂಶೋಧನೆಗೆ ಹೋಗಿ ಅಲ್ಲ. ಸಲುಗೆ ಬೆಳೆದ ನಾಲ್ಕು ವರ್ಷಗಳ ಬಳಿಕ ‘ನಿಮ್ಮ ಮನೆಯ ಬಗ್ಗೆ ಬರೆಯಲೇ’ ಎಂದು ಕೇಳಿದಾಗ ಹಿರಿಯಾಕೆ, ‘ನಮ್ಮ ಹೆಸರು ಬೇಡ, ಓಣಿಯ ಹೆಸರೂ ಬೇಡ, ಉಳಿದದ್ದು ಬರೆಯಿರಿ’ ಎಂದರು. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಓಣಿಯವರು ಕರೆಯುವಂತೆಯೇ ಅವರನ್ನು ಇಲ್ಲಿ ಟೇಲರ್ ಅಕ್ಕ ಮತ್ತು ನರ್ಸಕ್ಕ ಎಂದು ಕರೆಯುತ್ತೇನೆ.

ಟೇಲರ್ ಅಕ್ಕನ ತವರು ಜೇವರ್ಗಿ ತಾಲ್ಲೂಕಿನ ಭೀಮಾ ತೀರದ ಹಳ್ಳಿ. ವಯಸ್ಸು 38. ಗಂಡ ಕೂಲಿಗೆಂದು ಪುಣೆಗೆ ಹೋದವನು 2012ರ ನಂತರ ಮನೆಗೆ ಬಂದಿಲ್ಲ. ಅಲ್ಲಿ ಅವನಿಗೆ ಇನ್ನೊಂದು ಸಂಸಾರವಿದೆ ಎಂಬುದು ಊರಿಗೆಲ್ಲ ಗೊತ್ತು. ವಿಚ್ಛೇದನ ಆಗಿಲ್ಲ. ಒಬ್ಬಳೇ ಮಗಳು, ಈಗ ಒಂಬತ್ತನೆಯ ತರಗತಿ. ನರ್ಸಕ್ಕ ಬೀದರ್ ಜಿಲ್ಲೆಯ ಹುಮನಾಬಾದ್ ಕಡೆಯವರು, ವಯಸ್ಸು 36, ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲಸ, ಮದುವೆಯಾಗಿಲ್ಲ. ಆಸ್ಪತ್ರೆಯ ಸಮವಸ್ತ್ರ ಹೊಲಿಸಲು ಬಂದಾಗ ಆದ ಗುರುತು. 2015ರಿಂದ ಒಂದೇ ಮನೆ. ಪ್ರೀತಿಯ ಕಥೆ ಇಷ್ಟರಲ್ಲೇ ಮುಗಿಯಿತು ಎಂದಲ್ಲ, ಅದನ್ನು ಅವರು ನನಗೆ ಹೇಳಿಲ್ಲ, ನಾನೂ ಕೇಳಿಲ್ಲ. 2019ರಲ್ಲಿ ನರ್ಸಕ್ಕನ ತಂದೆ ತೀರಿಕೊಂಡ ಮೇಲೆ ಅವರ ತಾಯಿಯೂ ಇಲ್ಲಿಗೆ ಬಂದರು. ಅಲ್ಲಿಗೆ ನಾಲ್ಕು ಜನ.

ಮನೆ ಒಂದೇ ಆದರೂ ಅದರ ಬಗ್ಗೆ ಚಾಲ್ತಿಯಲ್ಲಿರುವ ಕಥೆಗಳು ಮೂರು. ಮನೆಯ ಮಾಲೀಕರಿಗೂ ಓಣಿಗೂ ಅಕ್ಕ-ತಂಗಿ. ಟೇಲರ್ ಅಕ್ಕನ ತವರಿಗೆ, ಬಾಡಿಗೆ ಹಂಚಿಕೊಂಡಿರುವ ಗೆಳತಿ. ಮಗಳ ಶಾಲೆಯಲ್ಲಿ, ಚಿಗವ್ವ. ಮಗಳು ಕರೆಯುವುದೂ ಚಿಗವ್ವ ಎಂದೇ, ಮೂರನೆಯ ವಯಸ್ಸಿನಿಂದ. ಮೂರು ಕಥೆಗಳೂ ತಮ್ಮ ತಮ್ಮ ಜಾಗದಲ್ಲಿ ಚೆನ್ನಾಗಿ ನಡೆಯುತ್ತವೆ. ಒಂದೇ ಕೋಣೆಯಲ್ಲಿ ಮೂರೂ ಎದುರಾಗಬಾರದು, ಅಷ್ಟೇ. ನಮ್ಮ ಭಾಗದಲ್ಲಿ ಜೋಗಪ್ಪಂದಿರಿಗೆ ಒಂದು ಹೆಸರಿದೆ, ಎಲ್ಲಮ್ಮನ ಅಂಗಳದಲ್ಲಿ ಒಂದು ಜಾಗವಿದೆ. ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದನ್ನು, ಪದ್ಮಶ್ರೀ ಪಡೆದದ್ದನ್ನು ಹೆಮ್ಮೆಯಿಂದ ಹೇಳುವವರಿದ್ದಾರೆ. ಒಂದೇ ಒಲೆಯ ಮುಂದೆ ಕೂತ ಇಬ್ಬರು ಹೆಂಗಸರಿಗೆ ಮಾತ್ರ ಇಂಥ ಊರಿನ ಪದ ಯಾವುದೂ ಇಲ್ಲ. ‘ಸಲಿಂಗ ದಂಪತಿ’ ಪತ್ರಿಕೆಯ ಪದ. ಟೇಲರ್ ಅಕ್ಕನ ಬಾಯಲ್ಲಿ ಅದನ್ನು ನಾನು ಒಮ್ಮೆಯೂ ಕೇಳಿಲ್ಲ. ಅವರು ಹೇಳುವುದು ‘ನಾವಿಬ್ಬರು’ ಎಂದು.

ಒಲೆಯ ಮಾತು ಬಂದದ್ದರಿಂದ ಒಂದು ಶಾಸ್ತ್ರದ ವಿಷಯ ಹೇಳಬೇಕು. ಭಾರತದ ಜನಗಣತಿಗೆ ಕುಟುಂಬ ಎಂದರೆ ರಕ್ತಸಂಬಂಧವಲ್ಲ, ಮದುವೆಯೂ ಅಲ್ಲ. ಸಾಮಾನ್ಯವಾಗಿ ಒಟ್ಟಿಗೆ ವಾಸಿಸುವ, ಒಂದೇ ಅಡುಗೆಮನೆಯಲ್ಲಿ ಉಣ್ಣುವ ಜನರ ಗುಂಪು. ಎಷ್ಟು ವರ್ಷ ಪಾಠ ಮಾಡಿದರೂ ಈ ವ್ಯಾಖ್ಯೆಯ ಔದಾರ್ಯ ನನಗೆ ತಟ್ಟಿರಲಿಲ್ಲ. ಈ ಮನೆಯಲ್ಲಿ ಅದು ಅಕ್ಷರಶಃ ನಡೆದುಹೋಗಿದೆ. ನರ್ಸಕ್ಕನ ತಾಯಿ ಲಿಂಗಾಯತರು, ಟೇಲರ್ ಅಕ್ಕ ಪರಿಶಿಷ್ಟ ಜಾತಿಯವರು. 2019ರಲ್ಲಿ ಬಂದ ಹೊಸದರಲ್ಲಿ ಅಜ್ಜಿ ಇನ್ನೊಂದು ಕೋಣೆಯ ಮೂಲೆಯಲ್ಲಿ ಒಂದು ಸಣ್ಣ ಸ್ಟವ್ ಇಟ್ಟುಕೊಂಡು ತಮ್ಮ ರೊಟ್ಟಿಯನ್ನು ತಾವೇ ಬಡಿದುಕೊಳ್ಳುತ್ತಿದ್ದರು. ಮಗಳ ಜೊತೆಗಾತಿ ಹೆಣ್ಣು ಎಂಬುದರ ಬಗ್ಗೆ ಅವರು ಆಗಲೂ ಈಗಲೂ ಒಂದು ಮಾತು ಆಡಿದವರಲ್ಲ. ಅವರ ತಕರಾರು ಇದ್ದದ್ದು ಜಾತಿಯ ಮೇಲೆ. ಎರಡು ತಿಂಗಳಾದ ಮೇಲೆ ಅವರಿಗೆ ಜ್ವರ ಬಂತು, ನರ್ಸಕ್ಕನಿಗೆ ರಾತ್ರಿ ಪಾಳಿ. ಟೇಲರ್ ಅಕ್ಕ ಕೊಟ್ಟ ಗಂಜಿ ಕುಡಿದರು. ಆಮೇಲೆ ಆ ಸ್ಟವ್ ಮತ್ತೆ ಹತ್ತಲಿಲ್ಲ. ಜನಗಣತಿಯವರು ಆ ಎರಡು ತಿಂಗಳಲ್ಲಿ ಬಂದಿದ್ದರೆ ಎರಡು ಕುಟುಂಬ ಬರೆದುಕೊಳ್ಳಬೇಕಿತ್ತು, ಜ್ವರ ಬಿಟ್ಟ ಮೇಲೆ ಬಂದಿದ್ದರೆ ಒಂದು. ವ್ಯಾಖ್ಯೆ ಬರೆದವರಿಗೆ ಜಾತಿಯ ಒಲೆಗಳ ಅರಿವು ಇದ್ದಿರಲೇಬೇಕು.

ಔದಾರ್ಯ ಅಲ್ಲಿಗೆ ನಿಲ್ಲುತ್ತದೆ. ಕುಟುಂಬ ಯಾವುದು ಎಂದು ಒಲೆ ತೋರಿಸಿಕೊಟ್ಟ ಮೇಲೆ, ಒಳಗಿನವರು ಒಬ್ಬರಿಗೊಬ್ಬರು ಏನು ಎಂಬ ಕಾಲಂ ಬರುತ್ತದೆ: ಮುಖ್ಯಸ್ಥರಿಗೆ ಇವರ ಸಂಬಂಧ. 2011ರ ಮನೆಪಟ್ಟಿಯಲ್ಲಿ ‘ಈ ಕುಟುಂಬದಲ್ಲಿ ವಾಸಿಸುವ ವಿವಾಹಿತ ದಂಪತಿಗಳ ಸಂಖ್ಯೆ’ ಎಂಬ ಪ್ರಶ್ನೆಯೂ ಇತ್ತು. ಈ ಮನೆಗೆ ಅದರ ಉತ್ತರ ಸೊನ್ನೆ. ವೈವಾಹಿಕ ಸ್ಥಿತಿಯ ಕಾಲಂನಲ್ಲಿ ಒಬ್ಬರು ಗಂಡನಿಂದ ಬೇರೆಯಾದವರು, ಇನ್ನೊಬ್ಬರು ಮದುವೆಯೇ ಆಗದವರು. ಸುಳ್ಳು ಒಂದೂ ಇಲ್ಲ. ನಿಜವೂ ಇಲ್ಲ.

2011ರಲ್ಲಿ ಲಿಂಗದ ಕಾಲಂನಲ್ಲಿ ಮೊದಲ ಸಲ ‘ಇತರೆ’ ಬಂತು. ದೇಶದಲ್ಲಿ ಸುಮಾರು 4.88 ಲಕ್ಷ, ಕರ್ನಾಟಕದಲ್ಲಿ ಸುಮಾರು 20 ಸಾವಿರ ಜನ ಅದರಡಿ ಲೆಕ್ಕಕ್ಕೆ ಸಿಕ್ಕರು. ನಮ್ಮ ವಿದ್ಯಾರ್ಥಿಗಳು ಈ ಅಂಕಿಯನ್ನೇ ಸಲಿಂಗಿಗಳ ಸಂಖ್ಯೆ ಎಂದು ಉತ್ತರಪತ್ರಿಕೆಯಲ್ಲಿ ಬರೆಯುತ್ತಾರೆ. ಅದು ಬೇರೆ. ಟೇಲರ್ ಅಕ್ಕನೂ ನರ್ಸಕ್ಕನೂ ಹೆಣ್ಣು ಎಂಬ ಕಾಲಂನಲ್ಲಿ ಯಾವ ತಕರಾರೂ ಇಲ್ಲದೆ ಕೂರುವವರು. ಒಬ್ಬೊಬ್ಬರನ್ನೇ ನೋಡಿದರೆ ಅವರು ಕಾಣುವುದಿಲ್ಲ. ಇಬ್ಬರ ನಡುವಿನ ಗೆರೆಯನ್ನು ಎಣಿಸಿದರೆ ಮಾತ್ರ ಕಾಣುತ್ತಾರೆ.

ಸಮೀಕ್ಷೆಯ ದಿನ

ಸಮೀಕ್ಷೆ ಶುರುವಾದದ್ದು 2025ರ ಸೆಪ್ಟೆಂಬರ್ 22ರಂದು. ಅದೇ ವಾರ ಭೀಮೆ ಉಕ್ಕಿ ಹರಿದಳು. ಜೇವರ್ಗಿ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿತು; ಟೇಲರ್ ಅಕ್ಕನ ಅತ್ತಿಗೆ ಎರಡು ಮಕ್ಕಳನ್ನು ಕಟ್ಟಿಕೊಂಡು ಈ ಮನೆಗೆ ಬಂದಿಳಿದರು. ತವರಿನ ಕಥೆ ಓಣಿಯ ಕಥೆಯ ಜೊತೆ ಒಂದೇ ಚಾಪೆಯ ಮೇಲೆ ಮಲಗುವ ಹಾಗಾಯಿತು. ನನಗೆ ಫೋನ್ ಬಂತು: ‘ಗಣತಿಯವರು ನಾಳೆ ನಮ್ಮ ಸಾಲಿಗೆ ಬರುತ್ತಾರಂತೆ. ನೀವು ಇದನ್ನೇ ಓದಿದವರು. ಏನು ಹೇಳಬೇಕು?’

ಉತ್ತರ ನನ್ನ ಬಳಿ ಇರಲಿಲ್ಲ. ಭಾಗವಹಿಸುವುದು ಕಡ್ಡಾಯವಲ್ಲ, ಮಾಹಿತಿ ಗೋಪ್ಯವಾಗಿರಬೇಕು ಎಂದು ಹೈಕೋರ್ಟ್ ಸೆಪ್ಟೆಂಬರ್ 25ರಂದು ಹೇಳಿದೆ, ಬೇಡವೆಂದರೆ ಬೇಡ ಎನ್ನಬಹುದು ಎಂದೆ. ‘ಬೇಡ ಎಂದರೆ ಓಣಿಯವರು ಏಕೆ ಎಂದು ಕೇಳುತ್ತಾರೆ’ ಎಂದರು ನರ್ಸಕ್ಕ. ಗೋಪ್ಯತೆಯ ಬಗ್ಗೆ ನಾನು ಪಾಠದಲ್ಲಿ ಹೇಳುವ ಮಾತುಗಳು ಒಂದೇ ಸಾಲಿಗೆ ಬಿದ್ದುಹೋದವು. ಸರ್ವರಿನಲ್ಲಿ ಗೋಪ್ಯವಾಗಿರುವುದು ಬೇರೆ, ಕಟ್ಟೆಯ ಮೇಲೆ ನಾಲ್ಕು ಜನರ ಎದುರು ಹೇಳುವುದು ಬೇರೆ.

ಮರುದಿನ ಬಂದವರು ಸರ್ಕಾರಿ ಶಾಲೆಯ ಶಿಕ್ಷಕಿ. ಬೆಳಗಿನಿಂದ ನೆಟ್‌ವರ್ಕ್ ಇಲ್ಲದೆ ಅಲೆದವರು, ಬ್ಯಾಗಿನಲ್ಲಿ ಛತ್ರಿ, ಕೈಯಲ್ಲಿ ಬಿಸಿಯಾದ ಮೊಬೈಲು. ನೀರು ಕುಡಿದು ಕೂತು ಕೇಳಿದರು: ‘ಮನೆಯ ಯಜಮಾನರು ಯಾರು?’

‘ನಾನು’ ಎಂದರು ಟೇಲರ್ ಅಕ್ಕ. ‘ಕಾರ್ಡಿನಲ್ಲಿ ನನ್ನ ಹೆಸರಿದೆಯಲ್ಲ’ ಎಂದರು ಒಳಗಿನಿಂದ ಅಜ್ಜಿ. ಎಲ್ಲರೂ ನಕ್ಕರು, ಅತ್ತಿಗೆಯೂ ನಕ್ಕರು. ಶಿಕ್ಷಕಿ ನರ್ಸಕ್ಕನ ಕಡೆ ಕೈ ತೋರಿಸಿ ಕೇಳಿದರು: ‘ಇವರು ನಿಮಗೆ ಏನಾಗಬೇಕು?’

ಸಂಬಂಧ ಕೇಳುವ ಈ ಕನ್ನಡ ರೀತಿಯನ್ನು ನಾನು ಅಂದೇ ಮೊದಲ ಸಲ ಕಿವಿಗೊಟ್ಟು ಕೇಳಿದೆ. ಏನು ಎಂದಲ್ಲ, ಏನಾಗಬೇಕು ಎಂದು.

‘ತಂಗಿ’ ಎಂಬ ಪದ ಟೇಲರ್ ಅಕ್ಕನ ತುಟಿಯವರೆಗೆ ಬಂದದ್ದು ನನಗೆ ಕಂಡಿತು. ಅತ್ತಿಗೆ ಎದುರಿಗೇ ಇದ್ದರು. ತನ್ನ ಗಂಡನಿಗೆ ಎಷ್ಟು ತಂಗಿಯರು ಎಂಬುದು ಅತ್ತಿಗೆಗೆ ಗೊತ್ತು. ‘ಬಾಡಿಗೆಗೆ ಜೊತೆಗಿರುವವರು’ ಎನ್ನೋಣವೆಂದರೆ ಕಟ್ಟೆಯ ಆಚೆ ಪಕ್ಕದ ಮನೆಯ ಹೆಂಗಸು ತಮ್ಮ ಸರದಿಗಾಗಿ ಆಧಾರ್ ಕಾರ್ಡ್ ಹಿಡಿದು ನಿಂತಿದ್ದರು. ಹಾಗೆ ನೋಡಿದರೆ ತಂಗಿ ಎಂದಿದ್ದರೂ ನಾಲ್ಕು ಪ್ರಶ್ನೆಗಳ ಮುಂದೆ ಅದು ಮುರಿದುಬೀಳುತ್ತಿತ್ತು. ಸಮೀಕ್ಷೆ ಇದ್ದದ್ದೇ ಜಾತಿ ಕೇಳಲು. ಒಂದು ಹೊಟ್ಟೆಯಲ್ಲಿ ಹುಟ್ಟಿದ ಅಕ್ಕ-ತಂಗಿಗೆ ಎರಡು ಜಾತಿ ಬರೆಯುವುದು ಹೇಗೆ? ಓಣಿಯಲ್ಲಿ ಹತ್ತು ವರ್ಷ ತಾಳಿದ ಕಥೆ ಮೊಬೈಲಿನ ಒಂದು ಕಾಲಂಗೆ ತಾಳುವಂತಿರಲಿಲ್ಲ.

ಮಾತಾಡಿದ್ದು ಅಜ್ಜಿ. ಬಾಗಿಲಿಗೆ ಬಂದು ನಿಂತು, ‘ನನಗೆ ರೊಟ್ಟಿ ಬಡಿದು ಹಾಕುವವಳು ಅವಳು. ಹಾಗೆಯೇ ಬರೆದುಕೊಳ್ಳಿ ಅಕ್ಕೋರೆ’ ಎಂದರು.

ಶಿಕ್ಷಕಿ ಅಜ್ಜಿಯ ಮುಖ ನೋಡಿದರು, ಆಮೇಲೆ ಇಬ್ಬರ ಮುಖ ನೋಡಿದರು. ಅವರಿಗೆ ಏನು ಅರ್ಥವಾಯಿತೋ ನನಗೆ ತಿಳಿಯದು. ‘ರೇಷನ್ ಕಾರ್ಡ್ ಎಷ್ಟಿವೆ?’ ಎಂದು ಕೇಳಿದರು. ಎರಡು ಎಂದಾಗ ಅವರ ಮುಖ ನಿರಾಳವಾಯಿತು. ‘ಹಾಗಾದರೆ ಎರಡು ಕುಟುಂಬ ಮಾಡಿಬಿಡುತ್ತೇನೆ. ಒಂದೇ ಮೀಟರಿನಲ್ಲಿ ಎರಡು ಕುಟುಂಬ ಇರಬಹುದು.’ ಒಂದರಲ್ಲಿ ಟೇಲರ್ ಅಕ್ಕ ಮತ್ತು ಮಗಳು, ಇನ್ನೊಂದರಲ್ಲಿ ಅಜ್ಜಿ ಮತ್ತು ನರ್ಸಕ್ಕ. ಇಬ್ಬರಿಗೂ ಒಟಿಪಿ ಬಂತು. ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ಅತ್ತಿಗೆ ಚಹಾ ಮಾಡಿದರು.

ಶಿಕ್ಷಕಿಯನ್ನು ದೂರಲು ನನಗೆ ಮನಸ್ಸಿಲ್ಲ. ಅಷ್ಟು ಜನರ ನಡುವೆ ಆ ಮನೆಯ ಮಾನ ಉಳಿಸುವ ದಾರಿ ಅದೊಂದೇ ಆಗಿತ್ತು, ಅದನ್ನು ಅವರೇ ಹುಡುಕಿಕೊಟ್ಟರು. ಜನಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಆದದ್ದು ಮಾತ್ರ ಇದು: ನಾಲ್ಕು ಜನರ ಒಂದು ಕುಟುಂಬ ಮಹಿಳೆಯೇ ಮುಖ್ಯಸ್ಥೆಯಾಗಿರುವ ಇಬ್ಬಿಬ್ಬರ ಎರಡು ಕುಟುಂಬಗಳಾಯಿತು. ನಾಳೆ ಯಾರಾದರೂ ಕೋಷ್ಟಕ ತೆರೆದು ಕಲಬುರಗಿಯಲ್ಲಿ ಗಂಡಸಿಲ್ಲದ ಸಣ್ಣ ಕುಟುಂಬಗಳು ಹೆಚ್ಚುತ್ತಿವೆ, ಮುಂಬೈ-ಪುಣೆಯ ವಲಸೆಯೇ ಕಾರಣ ಎಂದು ಬರೆದರೆ ಅರ್ಧ ಸರಿಯಾಗಿಯೇ ಬರೆದಂತಾಗುತ್ತದೆ.

ಬೇರೆಡೆ ಎಣಿಸಿದ ಬಗೆ

ಇದು ನಮ್ಮ ಊರಿನ ಮುಜುಗರ ಮಾತ್ರ ಎಂದುಕೊಳ್ಳಬೇಕಿಲ್ಲ. ಅಮೆರಿಕದ ಜನಗಣತಿ 1990ರಲ್ಲಿ ‘ಮದುವೆಯಾಗದ ಸಂಗಾತಿ’ ಎಂಬ ಆಯ್ಕೆ ಕೊಟ್ಟಿತು, ಸುಮಾರು 1.45 ಲಕ್ಷ ಸಲಿಂಗ ಜೋಡಿಗಳು ಎಣಿಕೆಗೆ ಸಿಕ್ಕವು. ಆದರೆ ಆ ವರ್ಷ ಇಬ್ಬರು ಹೆಂಗಸರು ತಮ್ಮನ್ನು ಗಂಡ-ಹೆಂಡತಿ ಎಂಬ ಚೌಕದಲ್ಲಿ ಗುರುತು ಹಾಕಿಕೊಂಡಿದ್ದರೆ, ಕಚೇರಿಯಲ್ಲಿ ಅದನ್ನು ಕೈತಪ್ಪು ಎಂದು ಬಗೆದು ಒಬ್ಬರ ಲಿಂಗವನ್ನೇ ತಿದ್ದಲಾಗುತ್ತಿತ್ತು. ಕಾಗದದ ಮೇಲೆ ಒಬ್ಬಾಕೆ ಗಂಡಸಾಗುತ್ತಿದ್ದಳು. 2000ದಲ್ಲಿ ಆ ಪದ್ಧತಿ ಬಿಟ್ಟು, ಅಂಥವರನ್ನೆಲ್ಲ ‘ಮದುವೆಯಾಗದ ಸಂಗಾತಿ’ಗಳ ಗುಂಪಿಗೆ ಸೇರಿಸಿದರು, ಸಂಖ್ಯೆ 5.94 ಲಕ್ಷಕ್ಕೆ ಏರಿತು. ಜೋಡಿಗಳು ಹತ್ತು ವರ್ಷದಲ್ಲಿ ನಾಲ್ಕು ಪಟ್ಟು ಹುಟ್ಟಿಕೊಂಡವು ಎಂದಲ್ಲ. ಹೇಳಿಕೊಳ್ಳುವವರು ಹೆಚ್ಚಿದರು, ತಿದ್ದುವ ಕೈಯೂ ಬದಲಾಯಿತು. ಅಲ್ಲಿ ಲಿಂಗ ತಿದ್ದಿದರು. ನಮ್ಮ ಟೇಲರ್ ಅಕ್ಕನ ಮನೆಯಲ್ಲಿ ಕುಟುಂಬವನ್ನೇ ಎರಡು ಮಾಡಿದರು.

2010ರ ಕಥೆಯನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ, ಏಕೆಂದರೆ ಎಣಿಕೆಯ ವಿದ್ಯೆ ಏನೆಂದು ಅದರಲ್ಲಿದೆ. ಆ ವರ್ಷ ಅಮೆರಿಕದ ಮೊದಲ ಲೆಕ್ಕದಲ್ಲಿ ಬಂದ ಸಲಿಂಗ ಜೋಡಿಗಳ ಕುಟುಂಬಗಳು 9,01,997. ಆಮೇಲೆ ಗೊತ್ತಾಯಿತು, ಇದರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಗಂಡು-ಹೆಣ್ಣಿನ ಸಾಮಾನ್ಯ ದಂಪತಿಗಳೇ ಎಂದು. ಯಾರೋ ಒಬ್ಬರು ಅವಸರದಲ್ಲಿ ಲಿಂಗದ ಚೌಕದಲ್ಲಿ ತಪ್ಪು ಗುರುತು ಹಾಕಿದ್ದರು, ಅಷ್ಟೇ. ಜನರ ಮೊದಲ ಹೆಸರು ಗಂಡಸಿನದೋ ಹೆಂಗಸಿನದೋ ಎಂದು ಹೋಲಿಸಿ ನೋಡಿ, ಲೆಕ್ಕವನ್ನು 6,46,464ಕ್ಕೆ ಇಳಿಸಲಾಯಿತು. ಒಂದು ಲಕ್ಷ ದಂಪತಿಗಳಿರುವ ಊರನ್ನು ಕಲ್ಪಿಸಿಕೊಳ್ಳಿ. ಅವರಲ್ಲಿ 500 ಸಲಿಂಗ ಜೋಡಿಗಳು. ಉಳಿದ 99,500 ಜೋಡಿಗಳಲ್ಲಿ ಸಾವಿರಕ್ಕೆ ಮೂವರು ತಪ್ಪು ಗುರುತು ಹಾಕಿದರೂ ಸುಮಾರು 300 ಹುಸಿ ಸಲಿಂಗ ಜೋಡಿಗಳು ಹುಟ್ಟಿಕೊಳ್ಳುತ್ತವೆ. ದೊಡ್ಡ ಗುಂಪಿನ ಸಣ್ಣ ತಪ್ಪು ಸಣ್ಣ ಗುಂಪನ್ನು ಮುಳುಗಿಸಿಬಿಡುತ್ತದೆ. ಭೀಮೆಯ ನೀರು ನೋಡಿದ ವಿದ್ಯಾರ್ಥಿಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗುವುದಿಲ್ಲ.

2020ರ ಗಣತಿಯಲ್ಲಿ ಅಲ್ಲಿ ‘ಸಲಿಂಗ ಪತಿ/ಪತ್ನಿ’ ಮತ್ತು ‘ಸಲಿಂಗ ಸಂಗಾತಿ’ ಎಂಬ ಆಯ್ಕೆಗಳೇ ಬಂದವು. ಈಗ ಅಲ್ಲಿನ ಅಂಥ ಕುಟುಂಬಗಳು 12 ಲಕ್ಷಕ್ಕೂ ಹೆಚ್ಚು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮದುವೆಯಾದವರು. ಮಕ್ಕಳ ಲೆಕ್ಕವೂ ಸಿಗುತ್ತದೆ: 2019ರಲ್ಲಿ ಸಲಿಂಗ ಜೋಡಿಗಳಲ್ಲಿ 14.7 ಪ್ರತಿಶತದವರ ಮನೆಯಲ್ಲಿ 18ರ ಕೆಳಗಿನ ಮಕ್ಕಳಿದ್ದರು, ಗಂಡು-ಹೆಣ್ಣಿನ ಜೋಡಿಗಳಲ್ಲಿ 37.8 ಪ್ರತಿಶತ. ಮಕ್ಕಳಿರುವುದು ಗಂಡುಜೋಡಿಗಳಿಗಿಂತ ಹೆಣ್ಣುಜೋಡಿಗಳಲ್ಲಿ ಬಹಳ ಹೆಚ್ಚು. ಕೆನಡಾ 2001ರಿಂದಲೇ ಇಂಥ ಜೋಡಿಗಳನ್ನು ಎಣಿಸುತ್ತಿದೆ. ಇಂಗ್ಲೆಂಡ್ ಮತ್ತು ವೇಲ್ಸ್ 2021ರಲ್ಲಿ ಲೈಂಗಿಕ ಒಲವಿನ ಪ್ರಶ್ನೆಯನ್ನು ಗಣತಿಯಲ್ಲೇ ಕೇಳಿದವು, ಇಷ್ಟವಿದ್ದವರು ಉತ್ತರಿಸಲಿ ಎಂದು.

ಈ ಅಂಕಿಗಳನ್ನು ತಂದು ಕಲಬುರಗಿಗೆ ಗುಣಿಸುವ ಆಸೆ ಪ್ರತಿ ವರ್ಷ ಯಾರಾದರೂ ಒಬ್ಬ ವಿದ್ಯಾರ್ಥಿಗೆ ಬರುತ್ತದೆ. 2011ರಲ್ಲಿ ಜಿಲ್ಲೆಯ ಜನಸಂಖ್ಯೆ 25,66,326. ಅದಕ್ಕೆ ಅಲ್ಲಿನ ಪ್ರತಿಶತ ಹಾಕಿದರೆ ಮುಗಿಯಿತಲ್ಲ ಎನ್ನುತ್ತಾರೆ. ಮುಗಿಯುವುದಿಲ್ಲ. ಜೋಡಿಯಾಗಿ ಬೇರೆ ಮನೆ ಮಾಡುವುದಕ್ಕೆ ಬಾಡಿಗೆ ಕೊಡುವ ಮಾಲೀಕ ಬೇಕು, ಸ್ವಂತ ದುಡಿಮೆ ಬೇಕು, ತವರಿನ ಕಣ್ಣಿನಿಂದ ದೂರ ಬೇಕು. ಇಲ್ಲಿ ಇಂಥವರಲ್ಲಿ ಎಷ್ಟೋ ಜನ ಗಂಡನ ಮನೆಯಲ್ಲೋ ಹೆಂಡತಿಯ ಜೊತೆಯಲ್ಲೋ ಎಣಿಕೆಯಾಗಿ ಹೋಗಿರುತ್ತಾರೆ. ಟೇಲರ್ ಅಕ್ಕನ ಗಂಡ ಪುಣೆಯಿಂದ ಮರಳಿದ್ದರೆ ಅವರೂ ಅಲ್ಲೇ ಇರುತ್ತಿದ್ದರು. ಇದು ಅವರೇ ಹೇಳಿದ ಮಾತು, ಯಾವ ಉದ್ವೇಗವೂ ಇಲ್ಲದೆ.

ಸಂಖ್ಯೆ ಇಲ್ಲದಿರುವುದರ ಬೆಲೆಯನ್ನು ಒಮ್ಮೆ ದೇಶವೇ ಕಂಡಿದೆ. 2012ರಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ದೇಶದಲ್ಲಿ ಸಲಿಂಗಿ ಪುರುಷರು ಸುಮಾರು 25 ಲಕ್ಷ ಎಂದು ಹೇಳಿತ್ತು, ಅದೂ ಎಚ್‌ಐವಿ ತಡೆಯ ಲೆಕ್ಕದಿಂದ ಬಂದ ಅಂಕಿ. ಹೆಂಗಸರ ಲೆಕ್ಕ ಅದರಲ್ಲಿರಲಿಲ್ಲ. 2013ರ ಡಿಸೆಂಬರ್ 11ರಂದು, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮನ್ನು ಎತ್ತಿಹಿಡಿದ ನ್ಯಾಯಾಲಯ, ಇವರು ಜನಸಂಖ್ಯೆಯ ಅತಿ ಸಣ್ಣ ಅಂಶ ಎಂಬುದನ್ನೂ ಒಂದು ಕಾರಣವಾಗಿ ಹೇಳಿತು. 2018ರ ಸೆಪ್ಟೆಂಬರ್ 6ರಂದು ಆ ತೀರ್ಪು ಬಿದ್ದುಹೋಯಿತು. 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕನ್ನು ನ್ಯಾಯಾಲಯ ಒಪ್ಪಲಿಲ್ಲ; ರೇಷನ್ ಕಾರ್ಡ್, ಬ್ಯಾಂಕ್ ಖಾತೆಯಂಥ ದಿನನಿತ್ಯದ ತೊಡಕುಗಳನ್ನು ನೋಡಲು ಸಂಪುಟ ಕಾರ್ಯದರ್ಶಿಯ ಸಮಿತಿ ಆಗಲಿ ಎಂದಿತು.

ಕಾರ್ಡಿನ ಗಣಿತ

ಆ ಸಮಿತಿಯ ಫಲವಾಗಿ 2024ರಲ್ಲಿ ಕೇಂದ್ರ ಆಹಾರ ಇಲಾಖೆ ರಾಜ್ಯಗಳಿಗೆ ಪತ್ರ ಬರೆಯಿತು: ಇಂಥ ಸಂಬಂಧದಲ್ಲಿರುವ ಸಂಗಾತಿಗಳನ್ನು ರೇಷನ್ ಕಾರ್ಡಿನ ಮಟ್ಟಿಗೆ ಒಂದೇ ಕುಟುಂಬವೆಂದು ಪರಿಗಣಿಸಬೇಕು. ಸುದ್ದಿ ಓದಿದ ದಿನ ನಾನು ಉತ್ಸಾಹದಿಂದ ಆ ಮನೆಗೆ ಹೋಗಿದ್ದೆ. ಟೇಲರ್ ಅಕ್ಕ ಹೊಲಿಗೆ ನಿಲ್ಲಿಸದೆಯೇ ಕೇಳಿಸಿಕೊಂಡು, ‘ಒಂದು ಮಾಡಿಸಿದರೆ ಎಷ್ಟು ನಷ್ಟ, ಲೆಕ್ಕ ಹಾಕಿದಿರಾ?’ ಎಂದರು.

ನಾನು ಹಾಕಿರಲಿಲ್ಲ. ಅವರು ಹಾಕಿದ್ದರು. ಟೇಲರ್ ಅಕ್ಕನದು ಬಿಪಿಎಲ್ ಕಾರ್ಡ್. ಅಜ್ಜಿಯ ಹೆಸರಿನದು ಎಪಿಎಲ್, ನರ್ಸಕ್ಕನ ಸಂಬಳದ ಕಾರಣಕ್ಕೆ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬರುವುದು ಕಾರ್ಡಿಗೊಬ್ಬ ಯಜಮಾನಿಗೆ. ಈಗ ಈ ಮನೆಗೆ ಎರಡು ಕಂತು. ಕಾರ್ಡ್ ಒಂದಾದರೆ ಒಂದು ಕಂತು, ವರ್ಷಕ್ಕೆ 24,000 ಖೋತಾ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಬಿಪಿಎಲ್ ಆದಾಯದ ಮಿತಿ ವರ್ಷಕ್ಕೆ 1.20 ಲಕ್ಷ. ನರ್ಸಕ್ಕನ ಸಂಬಳ ಸೇರಿದರೆ ಬಿಪಿಎಲ್ ಹೋಗುತ್ತದೆ, ಅದರ ಜೊತೆ ಅಕ್ಕಿಯೂ, ಆಸ್ಪತ್ರೆಯ ಉಚಿತ ಚಿಕಿತ್ಸೆಯೂ ಹೋಗುತ್ತವೆ. ಮನ್ನಣೆ ಸಿಕ್ಕಿತು ಎಂದು ಸಂಭ್ರಮಿಸುವ ಹೊತ್ತಿಗೆ ಮನೆ ಬಡವಾಗುತ್ತದೆ. ಗಂಡ-ಹೆಂಡತಿ ಒಂದೇ ಕಾರ್ಡಿನಲ್ಲಿ ಇರುವುದು ಅನಿವಾರ್ಯ, ಇವರಿಗೆ ಆ ಅನಿವಾರ್ಯವಿಲ್ಲ. ಕಾನೂನು ಕಾಣದಿದ್ದ ಒಂದೇ ಕಡೆ ಇವರಿಗೆ ಲಾಭವಾಗಿದೆ, ಅದನ್ನು ಬಿಟ್ಟುಕೊಡಿ ಎಂದು ಹೇಳುವ ಮುಖ ನನಗಿರಲಿಲ್ಲ. ಜನಸಂಖ್ಯಾಶಾಸ್ತ್ರಜ್ಞರು ಹೆದರಿಕೆಯನ್ನೂ ನಾಚಿಕೆಯನ್ನೂ ಕಾರಣವಾಗಿ ಬರೆಯುತ್ತಾರೆ. ಅದು ನಿಜ. ಆದರೆ ಎಣಿಕೆಗೆ ಸಿಗದಿರುವುದರ ಹಿಂದೆ ಇಂಥ ಸರಳ ಕೂಡು-ಕಳೆಯುವ ಲೆಕ್ಕವೂ ಇರುತ್ತದೆ ಎಂಬುದನ್ನು ನಾನು ಹೊಲಿಗೆ ಯಂತ್ರದ ಪಕ್ಕ ಕೂತು ಕಲಿತೆ.

ನಷ್ಟ ಎಲ್ಲಿ ಎಂದರೆ ಭವಿಷ್ಯನಿಧಿಯಲ್ಲಿ. ನರ್ಸಕ್ಕ ಪಿಎಫ್ ನಾಮನಿರ್ದೇಶನಕ್ಕೆ ಟೇಲರ್ ಅಕ್ಕನ ಹೆಸರು ಕೊಟ್ಟರು; ಕಚೇರಿಯವರು ತಿರುಗಿಸಿದರು. ನಿಯಮದ ಪ್ರಕಾರ ‘ಕುಟುಂಬ’ ಇರುವ ಸದಸ್ಯರು ಕುಟುಂಬದವರನ್ನೇ ಹೆಸರಿಸಬೇಕು, ಅವಲಂಬಿತ ತಾಯಿ ಕುಟುಂಬದಲ್ಲಿ ಬರುತ್ತಾರೆ. ಕುಟುಂಬವೇ ಇಲ್ಲದವರು ಮಾತ್ರ ಯಾರನ್ನಾದರೂ ಹೆಸರಿಸಬಹುದು. ಅಂದರೆ ಅಜ್ಜಿ ಬದುಕಿರುವವರೆಗೆ ಅಜ್ಜಿಯ ಹೆಸರೇ. ‘ನಾನು ಸತ್ತರೆ ಮಾತ್ರ ಇವಳಿಗೆ ದಾರಿಯಂತೆ’ ಎಂದು ಅಜ್ಜಿ ನಗುತ್ತಾ ಹೇಳಿದರು. ಬೇರೆ ಯಾರೂ ನಗಲಿಲ್ಲ. ಬ್ಯಾಂಕಿನಲ್ಲಿ ಇಷ್ಟು ಕಷ್ಟವಾಗಲಿಲ್ಲ. ಜಂಟಿ ಖಾತೆಗೂ ನಾಮಿನಿಗೂ ಅಡ್ಡಿಯಿಲ್ಲ ಎಂದು ಹಣಕಾಸು ಸಚಿವಾಲಯ 2024ರ ಆಗಸ್ಟಿನಲ್ಲೇ ಸ್ಪಷ್ಟಪಡಿಸಿದೆ.

ಮಗಳ ವಿಷಯ ಇವರಿಬ್ಬರೂ ರಾತ್ರಿ ಮಾತಾಡುವ ವಿಷಯ. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಪುಣೆಯವನ ಹೆಸರು. ಎಸ್ಸೆಸ್ಸೆಲ್ಸಿ ಆದ ಮೇಲೆ ನಮ್ಮ ಭಾಗದವರಿಗಿರುವ ಮೀಸಲಾತಿಗೆ 371(ಜೆ) ಅರ್ಹತಾ ಪ್ರಮಾಣಪತ್ರ ಬೇಕು, ಜಾತಿ-ಆದಾಯದ ಪ್ರಮಾಣಪತ್ರ ಬೇಕು. ಅವನ ಹಳೆಯ ಕಾಗದಗಳಿಗಾಗಿ ಅವನ ಅಣ್ಣನ ಮನೆಗೆ ಹೋಗಿ ನಿಲ್ಲಬೇಕು. ಟೇಲರ್ ಅಕ್ಕನಿಗೆ ಏನಾದರೂ ಆದರೆ 1956ರ ಪೋಷಕತ್ವ ಕಾಯ್ದೆಯ ಪ್ರಕಾರ ಮಗಳ ಸಹಜ ಪೋಷಕ ಅವನೇ. ಹತ್ತು ವರ್ಷ ಶಾಲೆಗೆ ಬಿಟ್ಟು ಕರೆತಂದ ಚಿಗವ್ವನಿಗೆ ಅರ್ಜಿ ಹಾಕುವ ಜಾಗ ಮಾತ್ರ ಇದೆ. ಹುಡುಗಿಗೆ ಹದಿನೆಂಟು ತುಂಬಲು ಇನ್ನೂ ನಾಲ್ಕು ವರ್ಷ. ಈ ನಾಲ್ಕು ವರ್ಷ ಹುಷಾರಾಗಿರಬೇಕು ಎಂದು ಟೇಲರ್ ಅಕ್ಕ ಬಿಪಿ ಮಾತ್ರೆ ತಪ್ಪಿಸುವುದಿಲ್ಲ. ಹುಡುಗಿಗೆ ಎಲ್ಲವೂ ಗೊತ್ತು ಎಂದು ನನ್ನ ಊಹೆ. ಒಮ್ಮೆ ಅವಳು ನನ್ನನ್ನೇ ಕೇಳಿದಳು, ‘ಮೇಡಂ, ನಮ್ಮ ಮನೆ ಅವಿಭಕ್ತ ಕುಟುಂಬವೋ, ವಿಭಕ್ತವೋ?’ ಸಮಾಜ ವಿಜ್ಞಾನದ ಪಾಠದಲ್ಲಿ ಎರಡೇ ಆಯ್ಕೆ ಇದ್ದವು. ನಾನು ಪಾಠಪುಸ್ತಕ ತೆಗೆಸಿ ನೋಡಿದೆ, ಸುಮ್ಮನೆ ಸಮಯ ತೆಗೆದುಕೊಳ್ಳಲು.

ದೇಶದ ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಗಡಿ ದಿನಾಂಕ, ಅದರಲ್ಲಿ ಜಾತಿಯನ್ನೂ ಕೇಳುತ್ತಾರೆ. ಈ ಸಲ ಮೊಬೈಲಿನಲ್ಲಿ ತಾವೇ ವಿವರ ತುಂಬಿಕೊಳ್ಳುವ ಅವಕಾಶವೂ ಇದೆ ಎಂದು ಹೇಳಿದಾಗ ನರ್ಸಕ್ಕನ ಕಣ್ಣು ಸ್ವಲ್ಪ ಅರಳಿತು. ಕಟ್ಟೆಯ ಮೇಲೆ ಹೇಳಬೇಕಿಲ್ಲವಲ್ಲ ಎಂದರು. ಆದರೂ ‘ಏನಾಗಬೇಕು’ ಎಂಬ ಪ್ರಶ್ನೆಗೆ ಅಲ್ಲಿಯೂ ಏನೋ ಒಂದನ್ನು ಆಯ್ಕೆ ಮಾಡಬೇಕು. ಇಬ್ಬರಲ್ಲಿ ಯಜಮಾನಿ ಯಾರು ಎಂಬ ಜಗಳ ಈಗಲೇ ಶುರುವಾಗಿದೆ.

ಇಷ್ಟರ ನಡುವೆ ಒಂದು ಕಾಗದ ಮಾತ್ರ ತಯಾರಾಯಿತು. ಆಳಂದ ರಸ್ತೆಯ ಕಡೆ ಇಬ್ಬರೂ ಸೇರಿ ದುಡ್ಡು ಹಾಕಿ ಕೊಂಡ ನಿವೇಶನ ನರ್ಸಕ್ಕನ ಹೆಸರಿನಲ್ಲಿದೆ. ವಿಲ್ ಇಲ್ಲದಿದ್ದರೆ ಅದು ತಾಯಿಗೆ, ತಾಯಿಯ ನಂತರ ಹುಮನಾಬಾದಿನ ಅಣ್ಣನ ಕಡೆಗೆ. ಸ್ವಂತ ದುಡಿಮೆಯ ಆಸ್ತಿಯನ್ನು ಯಾರಿಗೆ ಬೇಕಾದರೂ ವಿಲ್ ಮಾಡಬಹುದು, ಅದಕ್ಕೆ ಸಂಬಂಧ ಬೇಕಿಲ್ಲ. ಕಳೆದ ತಿಂಗಳು ನಾವು ಮೂವರು ಉಪನೋಂದಣಿ ಕಚೇರಿಯ ಎದುರಿನ ದಸ್ತಾವೇಜು ಬರಹಗಾರರ ಬಳಿ ಹೋದೆವು. ಅರವತ್ತು ದಾಟಿದವರು, ಮೂಗಿನ ತುದಿಗೆ ಕನ್ನಡಕ. ನಿವೇಶನದ ಚಕ್ಕುಬಂದಿ ಬರೆದುಕೊಂಡು, ತಲೆಯೆತ್ತದೆ ಕೇಳಿದರು: ‘ಇವರು ನಿಮಗೆ ಏನಾಗಬೇಕು?’

ನರ್ಸಕ್ಕ ಸುಮ್ಮನಿದ್ದರು. ಟೇಲರ್ ಅಕ್ಕ ಸೆರಗಿನ ಅಂಚು ನೋಡುತ್ತಿದ್ದರು. ಬರಹಗಾರರು ಒಂದು ಗಳಿಗೆ ಕಾದು, ಅವಸರದಲ್ಲಿದ್ದದ್ದರಿಂದಲೋ ಏನೋ, ತಮ್ಮ ರೂಢಿಯ ಸಾಲನ್ನೇ ಹಾಕಿದರು. ಬರೆದದ್ದನ್ನು ಓದಿ ಹೇಳಿದರು: ‘ಸುಮಾರು ಹತ್ತು ವರ್ಷಗಳಿಂದ ನನ್ನೊಡನೆ ಒಂದೇ ಮನೆಯಲ್ಲಿ ವಾಸವಾಗಿದ್ದು, ನನ್ನ ಯೋಗಕ್ಷೇಮವನ್ನು ನೋಡಿಕೊಂಡು ಬರುತ್ತಿರುವ ಇವರಿಗೆ... ಸರಿಯಾಯಿತೇ?’

‘ಇನ್ನೊಮ್ಮೆ ಓದಿ’ ಎಂದರು ನರ್ಸಕ್ಕ.

ಅವರು ಓದಿದರು. ಅಂದು ಸರ್ವರ್ ಇರಲಿಲ್ಲ. ನೋಂದಣಿಗೆ ಮುಂದಿನ ವಾರ ಬರಲು ಹೇಳಿ ಕಳಿಸಿದರು.